ಗ್ಯಾಸಿನ ಗುಳಿಗೆ ಎಂಬ ಸುಳ್ಳು

ಒಂದಾನೊಂದು ಊರು, ಅಲ್ಲೊಬ್ಬ ಸಾಹುಕಾರ್ತಿ. ಯಾರ ಮನೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋದರೂ ಬಸುರಿಗೆ ಮೊದಲ ಆರತಿ ಆಕೆಯದೇ. ಆಕೆಯ ಮಕ್ಕಳಿಲ್ಲದ ಸೊಸೆ ಮಾತ್ರ ಬಾಗಿಲ ಹತ್ತಿರ ನಿಲ್ಲಬೇಕು. "ನಮ್ಮ ಮನಿತನದಾಗ ಮಕ್ಕಳಿಗಂತ ಯಾರೂ ಔಷಧ ತಗೊಂಡಿಲ್ರೀ" ಎಂದು ಊರ ತುಂಬ ಹೇಳುವ ಹೆಮ್ಮೆ ಬೇರೆ!

ಒಂದು ದಿನ ಸೊಸೆಯ ಕೈಯಲ್ಲಿ ಗುಳಿಗೆ ಕಂಡಳು. ಏನದು ಎಂದು ಕೇಳಿದರೆ ಮಗ ತಡವರಿಸಿದ, "ಗ್ಯಾಸಿಂದು, ಅವ್ವಾ."

"ಗ್ಯಾಸಿಗೆ ಗುಳಿಗಿ ಯಾಕವ್ವಾ? ಅಜವಾನ ಇಲ್ಲೇನು ಮನ್ಯಾಗ?" ಎಂದು ಸೊಸೆಗೆ ಪ್ರೀತಿಯಿಂದಲೇ ಕಷಾಯ ಕುದಿಸಿ ಕೊಟ್ಟಳು. ಗುಳಿಗೆಗಳನ್ನೆಲ್ಲ ತಿಪ್ಪೆಗೆ ಸುರಿದಳು. ನೋಡಿ, ಪ್ರೀತಿಯಿಂದಲೇ!

ಸೊಸೆ ತಿಪ್ಪೆಯ ಹತ್ತಿರ ಕುಸಿದು ಕೂತು ಅತ್ತಳು. "ಅತ್ತೀ, ಅವು ಮಕ್ಕಳಾಗಲಿ ಅಂತ ಕೊಟ್ಟ ಹಾರ್ಮೋನಿನ ಗುಳಿಗಿರಿ. ಚುಚ್ಚುಮದ್ದು ಕೊಟ್ರೂ ನನಗ ಅಂಡ ಒಂದೋ ಎರಡೋ ಬರ್ತಾವ. ಮತ್ತ ಚಿಕಿತ್ಸೆ ಮಾಡೂ ಮುಂಚೆ ಇವನ್ನ ತಗೋ, ಉಪಯೋಗ ಆದ್ರ ಆಗಬಹುದು, ನಡುವ ಬಿಡಬ್ಯಾಡ ಅಂದಾರ ಡಾಕ್ಟ್ರು. ಇದ ನನ್ನ ಕಡೀ ಪ್ರಯತ್ನರಿ. ನಿಮಗ ಹೆದರಿ ಸುಳ್ಳು ಹೇಳಿದ್ವಿ."

ನನಗೆ ಹೆದರಿಯೇ? ಸಾಹುಕಾರ್ತಿಗೆ ತನ್ನ ಬಾಯಿಯ ಮೇಲೇ ಸಿಟ್ಟು ಬಂತು. ಮರುದಿನ ತಾನೇ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ದಳು. "ತಪ್ಪು ನಂದ್ರಿ, ಆಕಿನ್ನ ಬೈಬ್ಯಾಡ್ರಿ" ಎಂದಳು. ಡಾಕ್ಟರು ಗುಳಿಗೆಗಳನ್ನು ಮೊದಲಿನಿಂದ ಶುರು ಮಾಡಿಸಿದರು. ಅಂದಿನಿಂದ ಗುಳಿಗೆಯ ಹೊತ್ತಿಗೆ ನೀರಿನ ಲೋಟ ಅತ್ತೆಯ ಕೈಯಲ್ಲೇ.

ಔಷಧಕ್ಕೆ ಸೊಸೆಯ ಮುಖದ ತುಂಬ ಮೊಡವೆ ಎದ್ದವು. ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಕುಬಸ. ಹೆಂಗಸರ ಗುಸುಗುಸು ಶುರು. ಸೊಸೆ ಎಂದಿನಂತೆ ಬಾಗಿಲಿಗೆ ಸರಿದಳು. ಸಾಹುಕಾರ್ತಿ ಕೈಹಿಡಿದು ಎಳೆತಂದಳು.

"ಏನ್ರೇ ಅದು ಗುಸುಗುಸು? ಮಕ್ಕಳಾಗಲಿ ಅಂತ ಔಷಧ ತಗೊಳ್ಳಾಕತ್ಯಾಳ ನನ್ನ ಸೊಸಿ, ಅದಕ್ಕ ಮೊಡವಿ. ಇಷ್ಟ ಗಟ್ಟಿ ಹೆಣಮಗಳು ನಿಮ್ಮ ಮನ್ಯಾಗ ಅದಾಳೇನು? ಇವತ್ತ ಮೊದಲ ಆರತಿ ಆಕೀದು!"

ಬಸುರಿ ತಾನೇ ಎದ್ದು ತಟ್ಟೆ ಕೊಟ್ಟಳು. ಸೊಸೆ ಆರತಿ ಬೆಳಗಿದಳು. ಅತ್ತೆಯ ಎದೆ ಅಷ್ಟು ಹಿಂದೆಂದೂ ಉಬ್ಬಿರಲಿಲ್ಲ. ಇದಪ್ಪಾ ಹೆಮ್ಮೆ!

ಈಗ ನೀವೆಲ್ಲ ನನ್ನನ್ನು ಕೇಳುತ್ತೀರಿ, "ಮುಂದ ಕೂಸು ಆತೇನ್ರಿ ಅಜ್ಜಾರ?" ನೋಡಿ, ನೋಡಿ! ಅದನ್ನೇ ಮೊದಲು ಕೇಳುವ ನಾಲಿಗೆಗೆ ಹೆದರಿಯೇ ಆ ಗುಳಿಗೆಗೆ ಸುಳ್ಳು ಹೆಸರು ಬಂದದ್ದು. ತಾಯಂದಿರೇ, ಇನ್ನು ಮೇಲೆ ಆ ಪ್ರಶ್ನೆ ನುಂಗಿಬಿಡಿ. ಸೊಸೆ ಔಷಧ ತೆಗೆದುಕೊಳ್ಳುವಾಗ ನೀರಿನ ಲೋಟ ನೀವು ಹಿಡಿಯಿರಿ. ಮುಂದಿನ ಕುಬಸದಲ್ಲಿ ಬಾಗಿಲ ಹತ್ತಿರ ಒಬ್ಬಳು ನಿಂತಿರುತ್ತಾಳೆ. ಆರತಿ ತಟ್ಟೆ ಮೊದಲು ಆಕೆಯ ಕೈಗೆ ಕೊಡಿ.