ಲಾಡ್ಜಿಗೆ ಬೇಕಾದ ಗಂಡಸು

ಬಸ್ ನಿಲ್ದಾಣದ ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಮರುದಿನ ಬೆಳಿಗ್ಗೆ ಪಟ್ಟಣದಲ್ಲಿ ಸೊಸೆಗೆ ಬಸ್ ಡ್ರೈವರ್ ಕೆಲಸದ ಪರೀಕ್ಷೆ. ಅತ್ತೆ ಸ್ಪೀಕರ್ ಹಾಕಿಕೊಂಡು ಅಲ್ಲಿಯ ಅಗ್ಗದ ಲಾಡ್ಜೊಂದಕ್ಕೆ ಫೋನ್ ಮಾಡಿದ್ದಳು.

"ಜೊತೆಗೆ ಗಂಡಸರು ಯಾರಮ್ಮ? ಬರೀ ಹೆಂಗಸರಿಗೆ ರೂಮು ಕೊಡಲ್ಲ," ಎಂದಿತು ಆ ಕಡೆಯ ದನಿ.

ನನಗೆ ಮೈಯೆಲ್ಲ ಉರಿಯಿತು. ಫೋನು ಕಿತ್ತುಕೊಂಡು ಅವನ ಜನ್ಮ ಜಾಲಾಡೋಣ ಅನ್ನಿಸಿತು. ಅತ್ತೆ ಮಾತ್ರ ತಣ್ಣಗೆ, "ಮಗ ಬರ್ತಾನಪ್ಪ, ರೂಮು ಇಟ್ಟಿರು," ಎಂದು ಫೋನಿಟ್ಟಳು.

"ನಿಮ್ಮ ಮಗ ಎಲ್ಲಿ ಬರ್ತಾರೆ ಅತ್ತೆ? ಪರೀಕ್ಷೆಗೇ ಹೋಗ್ಬೇಡ ಅಂತ ಮುಖ ಊದಿಸ್ಕೊಂಡು ಕೂತಿದಾರೆ."

"ಕೂತಿರಲಿ ಬಿಡು. ಲಾಡ್ಜ್ ಕೌಂಟರಲ್ಲಿ ಕೇಳಿದ್ರೆ, ಕಾರು ನಿಲ್ಲಿಸೋಕೆ ಹೋಗಿದಾನೆ ಅಂತೀನಿ."

"ಬೆಳಗಾಗೋವರೆಗೂ ಕಾರು ನಿಲ್ಲಿಸ್ತಾರಾ?"

"ಆ ಊರಲ್ಲಿ ಜಾಗ ಸಿಗೋದು ಅಂದ್ರೆ ಹುಡುಗಾಟನಾ?"

ಸೊಸೆಗೆ ನಗು ಬಂತು. ಆದರೂ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಲೇ ಇದ್ದಳು.

"ಸುಳ್ಳು ಗೊತ್ತಾಗಿ ಹೊರಗೆ ಹಾಕಿದ್ರೆ? ನಿದ್ದೆಗೆಟ್ಟು ಬಸ್ ರಿವರ್ಸ್ ತಗೊಳೋಕೆ ನಂಗಾಗಲ್ಲ."

"ನನ್ನ ಗೊರಕೆಗೆ ನಿಂಗೆ ರೂಮಲ್ಲೂ ನಿದ್ದೆ ಇಲ್ಲ ಕಣೆ."

"ಅತ್ತೆ, ತಮಾಷೆ ಸಾಕು!"

"ಹೊರಗೆ ಹಾಕಿದ್ರೆ ಬಸ್ ಸ್ಟ್ಯಾಂಡಲ್ಲಿ ನನ್ನ ತೊಡೆ ಮೇಲೆ ಮಲಗು. ನಾನು ಎದ್ದಿರ್ತೀನಿ."

ಅವರ ಬಸ್ ಬಂತು. ಅತ್ತೆ ನುಗ್ಗಿ ಕಿಟಕಿ ಪಕ್ಕ ಜಾಗ ಹಿಡಿದು ಕೂಗಿದಳು. ಸೊಸೆ ಅಲ್ಲಿಗೆ ಹೋಗಲಿಲ್ಲ. ಡ್ರೈವರ್ ಹಿಂದೆಯೇ ಕಂಬಿ ಹಿಡಿದು ನಿಂತು, ಗೇರಿನ ಮೇಲಿದ್ದ ಅವನ ಕೈಯನ್ನೇ ನೋಡುತ್ತಿದ್ದಳು. ಬಸ್ ಹೊರಟುಹೋಯಿತು.