ಪಾಲಿಗೆ ಹೋದ ಸ್ಪೀಕರ್

ಸೊಲ್ಲಾಪುರದ ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ತಡವಳ ಊರಿನ ಅಜ್ಜಿಯೊಬ್ಬರು ಪುಟ್ಟ ಸ್ಟೀರಿಯೊ ಹಿಡಿದು ನಿಂತಿದ್ದರು.

“ತಮ್ಮಾ, ನಮ್ಮ ಯಜಮಾನರ ಭಜನಿ ಕ್ಯಾಸೆಟ್ ಹಚ್ಚಿದ್ರ ಬರೇ ಹಾರ್ಮೋನಿಯಂ ಪೇಟಿ ಕೇಳಸ್ತದ. ಅವರ ದನಿನೇ ಇಲ್ಲ.”

ಅಂಗಡಿಯವನು ಅದನ್ನು ಹಚ್ಚಿ ನೋಡಿದ. “ಸೆಟ್ ಚಲೋ ಅದ, ಆಯಿ. ದನಿ ಇನ್ನೊಂದು ಸ್ಪೀಕರಿನಾಗ ಬರ್ತದ. ಅದೆಲ್ಲಿ?”

“ಅವರು ಹೋದಮ್ಯಾಲ ಮಕ್ಕಳು ಬ್ಯಾರಿ ಆದ್ರು. ಸೆಟ್ ದೊಡ್ಡಾವನ ಕಡಿ ಉಳೀತು, ಒಂದು ಸ್ಪೀಕರ್ ಸಣ್ಣಾವನ ಪಾಲಿಗಿ ಹೋತು.”

“ಸ್ಪೀಕರ್ ಸುದ್ದಾ ಪಾಲು ಮಾಡಿದ್ರಿ? ಭಾರಿ ಶಾಣ್ಯಾರು ಬಿಡ್ರಿ!”

“ಪಂಚರು ಮಾಡಿದ್ರಪಾ. ಸಣ್ಣಾಂವ ಈಗ ನಮ್ಮ ಹೊಸ್ತಿಲಾ ತುಳಿಯಂಗಿಲ್ಲ.”

“ಹೋಗ್ಲಿ, ಹೊಸಾದೊಂದು ಹಚ್ಚಿ ಕೊಡ್ತೀನಿ. ಈಗೇ ದನಿ ಕೇಳ್ರಿ.”

ಅಜ್ಜಿ ಸೆಟ್ಟನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು.

“ಬ್ಯಾಡೋ ಯಪ್ಪಾ. ಹೊಸಾದು ಹಚ್ಚಿದ್ರ, ಆ ಹಳೇದು ತಗೊಂಡು ಅಂವಾ ನಮ್ಮನಿಗಿ ಯಾಕ ಬಂದಾನು?”

ನಾನು ಸರಿದು ದಾರಿ ಬಿಟ್ಟೆ. ಅವರು ಅಕ್ಕಲಕೋಟೆ ಬಸ್ಸಿನ ಕಡೆ ನಡೆದರು.