ಮೊರಾಗ್ ಹೂಂಗುಟ್ಟಿದ್ದು

ಆ ಹಿತ್ತಿಲ ಬಾಗಿಲು ಹಾಕ್ಕೊಂಡು ಬನ್ನಿ, ಆಮೇಲೆ ಹೇಳ್ತೀನಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಪಕ್ಕದ ಮನೆ ನೈರಿಗೆ ಆಗಿದ್ದು. ಬೆಳಿಗ್ಗೆ ಬೇಲಿಯಾಚೆಯಿಂದ ನಿಮಗೆ ಕೈ ಬೀಸಿದಳಲ್ಲ, ಗಿಡ್ಡ ಕೂದಲಿನ ಹೆಂಗಸು... ಅವಳೇ. ಯಾರಿಗೂ ಹೇಳಬೇಡ ಅಂತ ನನ್ನಿಂದ ಮಾತು ತಗೊಂಡಿದ್ದಾಳೆ. ನೀವು ನಾಡಿದ್ದು ವಿಮಾನ ಹತ್ತೋರು ಅಂತ ಹೇಳ್ತಿದ್ದೀನಿ.

ನೈರಿ ಸೆಲೆಬ್ರೆಂಟ್. ಇಲ್ಲಿ ಅರ್ಧ ಊರಿಗೆ ಚರ್ಚೂ ಬೇಡ, ಪಾದ್ರಿಯೂ ಬೇಡ. ಹಾಗಂತ ಸತ್ತವರನ್ನ ಸುಮ್ಮನೆ ಮಣ್ಣು ಮಾಡಿ ಬರೋಕಾಗುತ್ತಾ? ಯಾರಾದರೂ ನಿಂತು ನಾಲ್ಕು ಮಾತಾಡಬೇಕಲ್ಲ. ಅದು ಇವಳ ಕೆಲಸ. ಸಾವಾದ ಮನೆಗೆ ಹೋಗ್ತಾಳೆ. ಅಡುಗೆಮನೆ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ, ಯಾವ ಹಾಡು, ಯಾರು ಹೆಗಲು ಕೊಡೋದು, ಬದುಕಿದ್ದಾಗ ಹೇಗಿದ್ದರು, ಎಲ್ಲ ಕೇಳ್ತಾಳೆ. ಕೇಳಿದ್ದನ್ನ ಬರೆದು ಅವರಿಗೇ ಓದಿ ತೋರಿಸ್ತಾಳೆ. ಮನೆಯವರು ಒಪ್ಪಿದ್ದನ್ನ ಮಾತ್ರ ಆ ದಿನ ಹೇಳೋದು. ತನ್ನದು ಅಂತ ಒಂದು ಮಾತೂ ಸೇರಿಸೋ ಹಾಗಿಲ್ಲ.

ಆದರೆ ಅವಳಿಗೊಂದು ಹುಚ್ಚು ಅಭ್ಯಾಸ. ಇಲ್ಲಿ ಕೆಲವರು ಶವದ ಪೆಟ್ಟಿಗೆ ತೆರೆದಿಟ್ಟು ದೇಹವನ್ನ ಒಂದೆರಡು ದಿನ ಮನೆಯಲ್ಲೇ, ಮುಂದಿನ ಕೋಣೆಯಲ್ಲಿ ಇಟ್ಕೊಳ್ತಾರೆ. ಅಂಥ ಮನೆಯಲ್ಲಿ ನೈರಿ ಬರೆದದ್ದನ್ನ ಎಲ್ಲರಿಗಿಂತ ಮೊದಲು ಸತ್ತವರಿಗೆ ಓದ್ತಾಳೆ. ಬಾಗಿಲು ಹಾಕಿಕೊಂಡು, ಒಬ್ಬಳೇ. ಅವರ ವಿಷಯ ತಾನೇ, ಅವರೇ ಮೊದಲು ಕೇಳಲಿ ಅಂತ. ಪೆಟ್ಟಿಗೆ ತಂದುಕೊಡೋ ಸ್ಟೂ ರೇಗಿಸ್ತಿದ್ದ. "ಏನಂತಾರೆ ನೈರಿ? ತಪ್ಪಿದ್ರೆ ತಿದ್ದಿ ಕೊಡ್ತಾರಾ?"

ನಗಬೇಡಿ.

ಹೋದ ಚಳಿಗಾಲ. ನ್ಯೂಜಿಲೆಂಡ್ ಅಂದ್ರೆ ಹಸಿರು ಗುಡ್ಡ, ಕುರಿ ಅಂತ ಫೋಟೋ ನೋಡ್ಕೊಂಡು ಬಂದಿದ್ದೀರಿ. ಇಲ್ಲಿನ ಜೂನ್ ತಿಂಗಳ ಕತ್ತಲನ್ನ ಯಾರೂ ಫೋಟೋ ತೆಗೆಯಲ್ಲ. ಹಳ್ಳದಾಚೆ ಡಗ್ ಅಂತ ಒಬ್ಬ ಮುದುಕ, ಹಸು ಸಾಕಿದಾನೆ. ಅವನ ಹೆಂಡತಿ ಮೊರಾಗ್ ತೀರಿಕೊಂಡಿದ್ದಳು. ಹಾಲು ಕರೆದಾದ ಮೇಲೆ ಬಾ ಅಂದಿದ್ದರು. ಗೇಟಿನ ಹತ್ತಿರ ಕೆಸರಲ್ಲಿ ಕಾರು ಹೂತುಕೊಳ್ತು, ನೈರಿ ನಡೆದೇ ಹೋದಳು. ಒಂದು ಪಕ್ಕ ಗಾಳಿ ತಡೆಯೋಕೆ ನೆಟ್ಟ ಮರಗಳ ಗೋಡೆ. ಬೂಟು ಪಚಕ್... ಪಚಕ್... ಗಾಳಿಗೆ ಬೇಲಿಯ ತಂತಿ ಝೀಂ... ಮನೆ ಪಕ್ಕದ ಮಳೆನೀರಿನ ಟ್ಯಾಂಕಿನೊಳಗೆ ಟೊಳಕ್ ಅಂತ ಒಂದು ಹನಿ. ಅಷ್ಟೇ. ನಾಯಿ ಸಹ ಬೊಗಳಲಿಲ್ಲ.

ಒಳಗೆ ಡಗ್, ಮಗಳು ಶೋನಾ, ಮಗ ಲಾಕಿ. ಮೇಜಿನ ಮೇಲೆ ಯಾರೋ ತಂದುಕೊಟ್ಟ ಚೀಸ್ ರೋಲು, ಯಾರೂ ಮುಟ್ಟಿಲ್ಲ.

"ಅಮ್ಮ ಚೆನ್ನಾಗಿ ಹಾಡ್ತಿದ್ಲು ಅಂತ ಬರ್ಕೊ," ಅಂದ ಲಾಕಿ.

"ಹಾಡೋದಾ! ಅವಳು ಬಾಯಿ ತೆಗೆದ್ರೆ ಹಸುಗಳು ಹಾಲು ಕೊಡೋದೇ ನಿಲ್ಲಿಸ್ತಿದ್ವು ಕಣೋ," ಅಂದಳು ಶೋನಾ.

ಇಬ್ಬರೂ ನಕ್ಕರು. ನಗ್ತಾ ನಗ್ತಾ ಅತ್ತರು. ಮುದುಕ ಮಾತ್ರ ಮೇಜಿನ ಮೇಲೆ ಬೆರಳಲ್ಲಿ ಏನೋ ಗೀಚುತ್ತ ಕೂತಿದ್ದ. ಕೇಳಿದ್ದಕ್ಕೆ, "ಒಳ್ಳೇ ಹೆಂಗ್ಸು," ಅಂದ. ಅಷ್ಟೇ.

ನೈರಿ ಅಲ್ಲೇ ಕೂತು ಬರೆದಳು. ಬರೆದದ್ದು ತಗೊಂಡು ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ದೇಹ ಕೆಡದಿರಲಿ ಅಂತ ಆ ಕೋಣೆಗೆ ಹೀಟರ್ ಹಾಕಿರಲಿಲ್ಲ. ಮೊರಾಗ್ ನೀಲಿ ಸ್ವೆಟರ್ ಹಾಕ್ಕೊಂಡು ಮಲಗಿದ್ದಳು.

"ಮೊರಾಗ್ ಹುಟ್ಟಿದ್ದು ಬ್ಲಫ್ ಬಂದರಿನಲ್ಲಿ, ಮೀನುಗಾರರ ಮನೆಯಲ್ಲಿ," ಅಂತ ಓದಿದಳು.

"ಊಂ."

ಫ್ರಿಜ್ಜಿನ ಸದ್ದಿರಬೇಕು ಅಂದುಕೊಂಡಳು.

"ಡಗ್‌ನ ಕೈ ಹಿಡಿದು ಈ ಮನೆಗೆ ಬಂದಳು..."

"ಊಂ."

ನಮ್ಮಜ್ಜಿ ಕತೆ ಹೇಳುವಾಗ ನಾವು ಹೂಂಗುಡ್ತಿರಲಿಲ್ವಾ, ಹಾಗೆ. ನೈರಿ ಪೆಟ್ಟಿಗೆ ಕಡೆ ನೋಡಿದಳು. ತುಟಿ ಅಲ್ಲಾಡಿಲ್ಲ. ಅಲ್ಲಾಡೋಕೆ ಆಗೋದೂ ಇಲ್ಲ... ಬಾಯಿ ತೆರೆದುಕೊಳ್ಳದ ಹಾಗೆ ಒಳಗಿಂದ ಹೊಲಿದಿರ್ತಾರೆ. ಆದರೆ ಯೋಚನೆ ಮಾಡಿ. ಹೂಂಗುಟ್ಟೋಕೆ ಬಾಯಿ ತೆಗೀಬೇಕಾ?

ಅವಳಿಗೆ ಓಡಿಹೋಗಬೇಕು ಅನ್ನಿಸ್ತಂತೆ. ಆದರೆ ಕಣ್ಣು ಮತ್ತೆ ಹಾಳೆ ಮೇಲೆ ಬಿತ್ತು, ಬಾಯಿ ತಾನಾಗೇ ಮುಂದಿನ ಸಾಲು ಓದಿಬಿಟ್ಟಿತು.

"ಶೋನಾ, ಲಾಕಿ... ಇಬ್ಬರು ಮಕ್ಕಳ ತಾಯಿ."

"ಊಂಹೂಂ."

ಹಿಂದಿನಿಂದ ಕಿರ್‍ರ್ ಅಂತ ಬಾಗಿಲು ತೆರೆಯಿತು. ಡಗ್. ಅವನ ಮುಖ ನೋಡಿದ ಕೂಡಲೇ ಅವನಿಗೂ ಕೇಳಿಸಿದೆ ಅಂತ ಗೊತ್ತಾಯ್ತು.

"ಡಗ್," ಅಂತ ಪಿಸುಗುಟ್ಟಿದಳು. "ಮಕ್ಕಳು ಎಷ್ಟು ಜನ?"

"ಇಬ್ರು."

"ಊಂಹೂಂ."

ಮುದುಕ ಕುರ್ಚಿ ಹಿಡಿದುಕೊಂಡು ಕೂತ. "ಮೊದಲ್ನೇದು... ಹುಟ್ಟುವಾಗ್ಲೇ ಹೋಗಿತ್ತು. ಹೆಣ್ಣು ಅಂತ ನರ್ಸ್ ಅಂದ್ಲು. ಆಗೆಲ್ಲ ತಾಯಿಗೆ ತೋರಿಸ್ತಿರ್ಲಿಲ್ಲ, ಅವರೇ ತಗೊಂಡ್ ಹೋಗ್ಬಿಡ್ತಿದ್ರು. ಮರೆತುಬಿಡಿ, ಇನ್ನೊಂದಾಗುತ್ತೆ ಅಂದ್ರು."

"ಮಕ್ಕಳಿಗೆ ಗೊತ್ತಾ?"

"ಇಲ್ಲ."

"ಹೆಸರಿಟ್ಟಿದ್ರಾ?"

"ಅವಳು ಇಟ್ಟಿದ್ಲು. ಹೇಳೋಕೆ ಬಂದ್ಲು, ನೈರಿ... ಒಂದೇ ಸಲ ಬಂದ್ಲು. ಆ ಮಾತು ಈ ಮನೇಲಿ ಬೇಡ ಅಂದ್ಬಿಟ್ಟೆ. ಆಮೇಲೆ ಅವಳು ಎತ್ತಲಿಲ್ಲ, ನಾನೂ ಕೇಳ್ಲಿಲ್ಲ."

ನೈರಿ ಅವನ ಕೈ ಹಿಡಿದುಕೊಂಡಳು. "ನೀವು ಒಂದು ಮಾತು ಹೇಳಿದ್ರೆ ಸಾಕು, ಮೂವರು ಅಂತ ಓದ್ತೀನಿ."

"ಏನಂತ ಓದ್ತೀಯ? ಶೋನಾ, ಲಾಕಿ, ಮತ್ತೆ ಇನ್ನೊಂದು ಅಂತಾನಾ?" ಮುದುಕ ಕೈ ಬಿಡಿಸಿಕೊಂಡ. "ಹೆಸರಿಲ್ದೆ ಒಂದ್ಸಲ ಕಳಿಸಿದ್ದಾಯ್ತು. ಇನ್ನೊಂದ್ಸಲ ಬೇಡ. ಹೆಸರು ಸಿಕ್ಕಿದ್ರೆ ಓದು. ಸಿಗ್ದಿದ್ರೆ ಇಬ್ರು ಅಂತಾನೇ ಓದು."

ಆಮೇಲೆ ಪೆಟ್ಟಿಗೆ ಪಕ್ಕಕ್ಕೆ ಕುರ್ಚಿ ಎಳ್ಕೊಂಡ. ಬಗ್ಗಿ ಅವಳ ಕಿವಿ ಹತ್ತಿರ ಹೋಗಿ, "ಜೀನ್?" ಅಂದ.

"ಊಂಹೂಂ."

"ಎಲ್ಸ್ಪೆತ್? ನಿಮ್ಮಮ್ಮನ ಹೆಸರಾ?"

"ಊಂಹೂಂ."

ಇದನ್ನ ಹೇಳುವಾಗ ನೈರಿ ನನ್ನ ತೋಳು ಹಿಡ್ಕೊಂಡಿದ್ದಳು. ಉಗುರು ಇಳಿದಿತ್ತು.

ಆ ರಾತ್ರಿ ಅವಳು ಮನೆಗೆ ಬರಲಿಲ್ಲ. ಅಡುಗೆಮನೆಯಲ್ಲಿ ಕೂತಿದ್ದಳು. ಗೋಡೆಯಾಚೆ ಮುದುಕನ ದನಿ... ಒಂದು ಹೆಸರು... ಸುಮ್ಮನಾಗೋದು... ಮತ್ತೊಂದು ಹೆಸರು. ಶೋನಾ ಎದ್ದು ಬಂದಳು.

"ಅಪ್ಪ ಯಾರನ್ನ ಕರೀತಿದಾರೆ?"

"ನಿಮ್ಮಮ್ಮನ ಹಳೇ ಸ್ನೇಹಿತರನ್ನ ನೆನೆಸ್ಕೊಳ್ತಿದಾರೆ ಕಣೆ. ಹೋಗಿ ಮಲಕ್ಕೊ."

ಇನ್ನೇನು ಹೇಳ್ತಾಳೆ? ಹೇಳೋ ಹಕ್ಕು ಅವಳದಲ್ಲ. ಮೂವರು ಅಂತ ಗೊತ್ತು, ಪೆನ್ನು ಕೈಯಲ್ಲಿದೆ, ಬರೆಯೋ ಹಾಗಿಲ್ಲ. ಅಂಥ ಸಂಕಟ ಶತ್ರುಗೂ ಬೇಡ.

ಬೆಳಗಾಗ್ತಿದ್ದ ಹಾಗೆ ಸ್ಟೂ ಮುಚ್ಚಳ ತಗೊಂಡು ಬಂದ. ಡಗ್ ಇನ್ನೂ ಕುರ್ಚಿಯಿಂದ ಎದ್ದಿರಲಿಲ್ಲ. ದನಿ ಬಿದ್ದುಹೋಗಿತ್ತು. ಊರಲ್ಲಿರೋ ಹೆಂಗಸರ ಹೆಸರೆಲ್ಲ ಮುಗಿದು, ತಾನು ಸಾಕಿದ ಹಸುಗಳ ಹೆಸರಿಗೆ ಬಂದಿದ್ದ. ಸ್ಟೂ ಪಾಪ, ಸ್ವಲ್ಪ ಹೊತ್ತು ಟೋಪಿ ಕೈಯಲ್ಲಿ ಹಿಡಿದು ನಿಂತ. ಆಮೇಲೆ ಮುಚ್ಚಳ ಇಟ್ಟ. ಸ್ಕ್ರೂ ತಿರುಗಿಸ್ತಿದ್ದಾನೆ, ಕ್ರೀಕ್... ಕ್ರೀಕ್... ಮುದುಕ ಮರಕ್ಕೆ ಬಾಯಿಟ್ಟು ಕೇಳ್ತಾನೇ ಇದ್ದಾನೆ. "ಡೇಸಿ? ರೂಬಿ?"

ಸಮಾಧಿ ಹತ್ತಿರ ನೈರಿ ಇಬ್ಬರು ಮಕ್ಕಳ ತಾಯಿ ಅಂತಾನೇ ಓದಿದಳು. ಅಲ್ಲಿ ಊಂ ಇಲ್ಲ, ಊಂಹೂಂ ಇಲ್ಲ. ಎಲ್ಲರೂ ಎಷ್ಟು ಚೆನ್ನಾಗಿ ಮಾತಾಡಿದೆ ಅಂದರಂತೆ. ಅವಳು ಕಾರಲ್ಲಿ ಕೂತು ಬಾಗಿಲು ಹಾಕ್ಕೊಂಡು ಅತ್ತಳು.

ಇಷ್ಟೇ ಆಗಿದ್ದರೆ ನೈರಿಗೆ ಭ್ರಮೆ ಅಂತ ನಾನೂ ಸುಮ್ಮನಾಗ್ತಿದ್ದೆ.

ಹೋದ ಶನಿವಾರ ನಮ್ಮ ಬೇಕರಿಯಿಂದ ಬ್ರೆಡ್ ಕೊಡೋಕೆ ಡಗ್ ಮನೆಗೆ ಹೋಗಿದ್ದೆ. ಕತ್ತಲಾಗಿತ್ತು. ಮುಂದಿನ ಕೋಣೆಯಲ್ಲಿ ಒಬ್ಬನೇ ಚಹಾ ಹಿಡ್ಕೊಂಡು ಕೂತಿದ್ದ. ನಾನು ಬ್ರೆಡ್ ಇಟ್ಟು ಹೊರಡುವಾಗ, "ನಿಮ್ಮ ಕಡೆ ಹೆಣ್ಮಕ್ಕಳಿಗೆ ಏನ್ ಹೆಸರಿಡ್ತೀರಿ?" ಅಂದ.

ಮುದುಕನಿಗೆ ಸಮಾಧಾನವಾಗಲಿ ಅಂತ ಬಾಯಿಗೆ ಬಂದದ್ದು ಹೇಳಿದೆ. "ಸುಗುಣ."

"ಸೂ... ಗುನಾ?" ಅಂತ ಅವನು ಕಷ್ಟಪಟ್ಟು ಹೇಳಿ, ಕಪ್ಪು ಬಾಯಿಗಿಟ್ಟ. ಗಟಗಟ ಕುಡೀತಿದ್ದ, ಗಂಟಲು ಏರಿಳಿಯೋದು ನನಗೆ ಕಾಣ್ತಿತ್ತು. ಆಗ...

"ಊಂಹೂಂ."

ಹೆಂಗಸಿನ ದನಿ. ಸಿಟ್ಟಿರಲಿಲ್ಲ. ಪಾಪ, ನೀನೂ ಪ್ರಯತ್ನಪಟ್ಟೆಯಲ್ಲ ಅನ್ನೋ ಹಾಗೆ ಮೆತ್ತಗಿತ್ತು. ನಂಬೋದು ಬಿಡೋದು ನಿಮಗೆ ಸೇರಿದ್ದು, ನನ್ನ ಮಕ್ಕಳಾಣೆ, ಈ ಕಿವಿಯಲ್ಲೇ ಕೇಳಿದೆ.

ಡಗ್ ಕಪ್ಪು ಕೆಳಗಿಟ್ಟ.

"ಇನ್ನೊಂದು ಹೇಳು," ಅಂದ.